ಯಾವ ಪುಸ್ತಕ, ಯಾರ ಕೈಗೆ?

ಗ್ರಂಥವೊಂದನ್ನು ಹೊಗಳುವುದು ಸುಲಭ. ಇದನ್ನು ಇಂಥವನು ಓದಲಿ ಎಂದು ಹೇಳುವುದು ಕಷ್ಟ. ಹೊಗಳುವಾಗ ವಿಮರ್ಶಕನು ಗ್ರಂಥಕ್ಕೆ ಮಾತ್ರ ಹೊಣೆ. ಓದೆಂದು ಕೈಗೆ ಕೊಡುವಾಗ ಓದುವವನಿಗೂ ಹೊಣೆ. ನಮ್ಮ ಆಲಂಕಾರಿಕರು ಸಹೃದಯನೆಂಬ ಓದುಗನನ್ನು ಮುಂದಿಟ್ಟುಕೊಂಡು ಕಾವ್ಯವನ್ನು ತೂಗಿದರು. ಆ ಸಹೃದಯನಿಗೆ ವಯಸ್ಸಿಲ್ಲ, ಊರಿಲ್ಲ, ಮನೆಯವರ ಭಯವಿಲ್ಲ. ಉಪಾಧ್ಯಾಯರ ಬಳಿಗೆ ಪುಸ್ತಕ ಕೇಳಿಕೊಂಡು ಬರುವ ಓದುಗನಿಗಾದರೋ ಇವೆಲ್ಲವೂ ಉಂಟು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಎಣಿಸಿದನು. ಆ ಔಚಿತ್ಯವು ಕಾವ್ಯದ ಒಳಗೆ ಪದಕ್ಕೂ ಭಾವಕ್ಕೂ ನಡುವೆ ಇರಬೇಕಾದಂತೆಯೇ, ಹೊರಗೆ ಪುಸ್ತಕಕ್ಕೂ ಅದನ್ನು ಹಿಡಿದ ಕೈಗೂ ನಡುವೆ ಇರಬೇಕು. ಈ ಎರಡನೆಯ ಔಚಿತ್ಯವನ್ನು ಒಂದು ಕಠಿನವಾದ ನಿದರ್ಶನದ ಮೇಲೆ ಪರೀಕ್ಷಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ನಿದರ್ಶನವಿದು. ಹುಟ್ಟಿದಾಗ ಹೆಣ್ಣೆಂದು ಬರೆಯಲ್ಪಟ್ಟು, ತಾನು ಗಂಡೆಂದು ಅರಿತು, ಗಂಡಾಗಿಯೇ ಬಾಳಹೊರಟ ಒಬ್ಬ ತರುಣ. ಇಂಥವನನ್ನು ಇಂದು ಟ್ರಾನ್ಸ್ ಪುರುಷನೆಂದು ಕರೆಯುತ್ತಾರೆ. ಪ್ರಾಯ ಇಪ್ಪತ್ತನ್ನು ದಾಟಿದೆ. ಅವನ ಒಲವು ಹರಿಯುವುದು ಗಂಡಿನ ಕಡೆಗೆ. 'ನನ್ನಂಥವನು ಯಾವುದಾದರೂ ಪುಸ್ತಕದಲ್ಲಿ ಇದ್ದಾನೆಯೆ?' ಎಂದು ಅವನು ತನಗಿಂತ ಹಿರಿಯನಾದ ಓದುಗನೊಬ್ಬನನ್ನು ಕೇಳುತ್ತಾನೆ. ಹಿರಿಯನು ಯಾವ ಪುಸ್ತಕದ ಹೆಸರನ್ನು ಹೇಳಬೇಕು?

ಇಂಥ ಓದುಗರು ನಮ್ಮ ಶಾಲೆಗಳಿಂದ ಹೊರಬರುವುದುಂಟೆ ಎಂದು ಕೆಲವರು ಸಂದೇಹಪಡಬಹುದು. ಬಾಯಿಬಿಟ್ಟು ಹೇಳದವರೆಲ್ಲ ಇಲ್ಲದವರಲ್ಲ. 2014ನೆಯ ಏಪ್ರಿಲ್ 15ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ತಾನು ಗಂಡೋ ಹೆಣ್ಣೋ ಮೂರನೆಯದೋ ಎಂಬುದನ್ನು ವ್ಯಕ್ತಿಯೇ ನಿಶ್ಚಯಿಸಬಹುದೆಂದು ತೀರ್ಪಿತ್ತಿತು. 2018ನೆಯ ಸೆಪ್ಟೆಂಬರ್ 6ರಂದು ವಯಸ್ಕರ ಸಲಿಂಗಪ್ರೇಮವು ಅಪರಾಧವಲ್ಲವೆಂದು ಸಾರಿತು. ಇಲ್ಲದವರಿಗಾಗಿ ನ್ಯಾಯಾಲಯಗಳು ಇಷ್ಟು ದೀರ್ಘವಾದ ತೀರ್ಪುಗಳನ್ನು ಬರೆಯುವುದಿಲ್ಲ. ಆದರೆ ನ್ಯಾಯಾಲಯವು ಕೊಡುವುದು ಹಕ್ಕನ್ನು, ಜೊತೆಗಾರನನ್ನಲ್ಲ. ಜೊತೆಗಾರನನ್ನು ಕೊಡುವುದು ಸಾಹಿತ್ಯದ ಕೆಲಸ.

ನಮ್ಮ ತರುಣನಿಗೆ ಎದುರಾಗುವ ಪ್ರಶ್ನೆಯೊಂದುಂಟು. 'ಗಂಡನ್ನೇ ಒಲಿಯುವುದಾದರೆ ಹೆಣ್ಣಾಗಿಯೇ ಉಳಿಯಬಹುದಾಗಿತ್ತಲ್ಲ! ಇಷ್ಟೊಂದು ಕಷ್ಟವೇಕೆ?' ಕೇಳುವವರಿಗೆ ಇದು ಲೋಕವಿವೇಕದಂತೆ ತೋರುತ್ತದೆ. ತಾನು ಯಾರೆಂಬುದು ಒಂದು, ಯಾರನ್ನು ಒಲಿಯುವೆನೆಂಬುದು ಇನ್ನೊಂದು ಎಂಬ ಸರಳವಾದ ಭೇದವು ಇಲ್ಲಿ ಮರೆತುಹೋಗಿದೆ. ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳಬಹುದು. ಆದರೆ ತರ್ಕದಿಂದ ಯಾರ ಒಂಟಿತನವೂ ಕಳೆಯಲಾರದು. ಬಾಳಿ ತೋರಿಸಿದ ಉತ್ತರ ಬೇಕು. ಈ ದೃಷ್ಟಿಯಿಂದ ಸಾಮಾನ್ಯವಾಗಿ ಹೇಳಲ್ಪಡುವ ಪುಸ್ತಕಗಳನ್ನು ಒಂದೊಂದಾಗಿ ನೋಡೋಣ.

ಮೊದಲು ನೆನಪಿಗೆ ಬರುವವನು ನಮ್ಮ ಮನೆಯವನೇ ಆದ ಶಿಖಂಡಿ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಬರುವ ಅಂಬೋಪಾಖ್ಯಾನವನ್ನು ಪೂರ್ತಿಯಾಗಿ ಓದಿದವರು ಕಡಮೆ. ದ್ರುಪದನು ಹುಟ್ಟಿದ ಮಗಳನ್ನು ಮಗನೆಂದು ಸಾರಿ ಬೆಳೆಸಿ, ದಶಾರ್ಣದೇಶದ ಅರಸನ ಮಗಳೊಡನೆ ಮದುವೆ ಮಾಡುತ್ತಾನೆ. ಗುಟ್ಟು ಹೊರಬಿದ್ದು ಬೀಗರು ದಂಡೆತ್ತಿ ಬರುತ್ತಾರೆ. ಶಿಖಂಡಿಯು ಪ್ರಾಣ ಬಿಡಲೆಂದು ಕಾಡಿಗೆ ಹೋಗುತ್ತಾನೆ. ಅಲ್ಲಿ ಸ್ಥೂಣನೆಂಬ ಯಕ್ಷನು ಮರುಗಿ ತನ್ನ ಗಂಡುತನವನ್ನು ಕೊಟ್ಟು ಅವನ ಹೆಣ್ಣುತನವನ್ನು ತಾನು ಪಡೆಯುತ್ತಾನೆ. ಕುಬೇರನ ಶಾಪದಿಂದ ಆ ಯಕ್ಷನು ಶಿಖಂಡಿಯ ಮರಣದವರೆಗೂ ಹೆಣ್ಣಾಗಿಯೇ ಉಳಿಯಬೇಕಾಯಿತು. ಅಪರಿಚಿತನೊಬ್ಬನು ತೋರಿದ ಈ ಔದಾರ್ಯಕ್ಕೆ ಸಮನಾದುದು ಮಹಾಭಾರತದಲ್ಲಿಯೂ ವಿರಳ. ಆದರೂ ಈ ಕಥೆಯಲ್ಲಿ ತಂದೆಗೆ ಏನು ಬೇಕು, ಬೀಗರಿಗೆ ಏನು ಬೇಕು, ಭೀಷ್ಮವಧೆಗೆ ಏನು ಬೇಕು ಎಂಬುದೆಲ್ಲ ಬರುತ್ತದೆ. ಶಿಖಂಡಿಯ ಮನಸ್ಸು ಯಾರಲ್ಲಿ ನೆಲೆಸಿತ್ತೆಂಬುದು ಬರುವುದಿಲ್ಲ. ಮೇಲಾಗಿ ಅವನ ಹೆಸರನ್ನೇ ನಾವು ಬೈಗುಳವಾಗಿ ಮಾಡಿಕೊಂಡಿದ್ದೇವೆ. ಶಾಲೆಯ ಅಂಗಳದಲ್ಲಿ ಆ ಮಾತಿನಿಂದ ಹೊಡೆಸಿಕೊಂಡವನಿಗೆ ಆ ಕಥೆಯನ್ನು ಕೊಡುವ ಮೊದಲು ಆ ಹೆಸರನ್ನು ತೊಳೆದು ಕೊಡಬೇಕು. ಅದು ಉಪಾಧ್ಯಾಯರು ಪಾಠದ ನಡುವೆಯೇ ಮಾಡಬಹುದಾದ ಕೆಲಸ.

ಎರಡನೆಯದು ಮೈಕೇಲ್ ಡಿಲನ್ನನ ಆತ್ಮಕಥೆ. 1915ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ವೈದ್ಯನಾದ ಈ ಆಂಗ್ಲನು ಗಂಡಾಗುವ ಚಿಕಿತ್ಸೆಯನ್ನು ಪಡೆದ ಮೊದಲಿಗರಲ್ಲಿ ಒಬ್ಬ. 1946ರಲ್ಲಿಯೇ 'ಸೆಲ್ಫ್' ಎಂಬ ಪುಸ್ತಕದಲ್ಲಿ, ಇಂಥವರ ಮನಸ್ಸನ್ನು ದೇಹಕ್ಕೆ ಹೊಂದಿಸಲಾಗದಿದ್ದರೆ ದೇಹವನ್ನು ಮನಸ್ಸಿಗೆ ಹೊಂದಿಸುವುದೇ ನ್ಯಾಯವೆಂಬ ವಾದವನ್ನು ಹೂಡಿದನು. 1958ರಲ್ಲಿ ಪತ್ರಿಕೆಗಳು ಅವನ ಪೂರ್ವವೃತ್ತಾಂತವನ್ನು ಬಯಲಿಗೆಳೆದಾಗ ಅವನು ಆಶ್ರಯವನ್ನು ಅರಸಿದುದು ನಮ್ಮ ದೇಶದಲ್ಲಿ. ಸಾರನಾಥದಲ್ಲಿದ್ದು, ಲಡಾಖಿನ ರಿಜೋಂಗ್ ವಿಹಾರದಲ್ಲಿ ಭಿಕ್ಷುಗಳ ಜೊತೆ ಬಾಳಿ, 'ಲೋಬ್ಜಾಂಗ್ ಜೀವಕ' ಎಂಬ ಹೆಸರಿನಿಂದ ಬರೆದು, 1962ರ ಮೇ ತಿಂಗಳಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡನು. ಅವನು ಬಿಟ್ಟುಹೋದ ಆತ್ಮಕಥೆಯ ಹಸ್ತಪ್ರತಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಅಚ್ಚಾಗದೆ ಉಳಿದು, ಕಡೆಗೆ 'ಔಟ್ ಆಫ್ ದಿ ಆರ್ಡಿನರಿ' ಎಂಬ ಹೆಸರಿನಿಂದ ಹೊರಬಂದಿತು. ಪುಸ್ತಕದಲ್ಲಿ ಗಾಂಭೀರ್ಯವಿದೆ, ಶ್ರದ್ಧೆಯಿದೆ. ಆದರೆ ಕುಲೀನಮನೆತನದ ಬಿಗುಮಾನವೂ ಇದೆ. ಒಲವೆಂಬುದು ದೂರದಲ್ಲಿ ನಿಂತಿದೆ. ನಮ್ಮ ತರುಣನಿಗೆ ಇಲ್ಲಿ ಪೂರ್ವಜನೊಬ್ಬನು ಸಿಗುತ್ತಾನೆ, ಸ್ನೇಹಿತನು ಸಿಗುವುದಿಲ್ಲ.

ಮೂರನೆಯದು ಲೆಸ್ಲಿ ಫೈನ್‌ಬರ್ಗ್ ಬರೆದ 'ಸ್ಟೋನ್ ಬುಚ್ ಬ್ಲೂಸ್' ಎಂಬ ಕಾದಂಬರಿ. 1993ರಲ್ಲಿ ಪ್ರಕಟವಾದ ಈ ಕೃತಿಯನ್ನು ಹೇಳದೆ ಬಿಡುವ ಪಟ್ಟಿಗಳು ಕಡಮೆ. ಅಮೆರಿಕದ ಬಫಲೋ ನಗರದ ಕಾರ್ಖಾನೆಗಳಲ್ಲಿ ದುಡಿಯುವ ಜೆಸ್ ಎಂಬ ಜೀವದ ಕಥೆ ಇದು. ದುಡಿಯುವವರ ಬದುಕನ್ನು ಇಷ್ಟು ಹತ್ತಿರದಿಂದ ಕಂಡ ಬರಹವನ್ನು ನಾವು ಗೌರವಿಸುತ್ತೇವೆ. ಆದರೆ ಪೋಲೀಸರ ಕ್ರೌರ್ಯವನ್ನು ಚಿತ್ರಿಸುವ ಪುಟಗಳು ಅತಿ ದಾರುಣವಾದವು. ಒಂಟಿಯಾಗಿ ಕೋಣೆಯಲ್ಲಿ ಕುಳಿತು ಓದುವ ಎಳೆಯ ಮನಸ್ಸಿಗೆ ಅವು ಮೊದಲ ಊಟವಾಗಲಾರವು. ಅಲ್ಲದೆ ಜೆಸ್ಸಳ ಪ್ರೀತಿಯೆಲ್ಲ ಹೆಣ್ಣಿನ ಕಡೆಗೆ. ಓದುಗನ ಅರ್ಧವು ಇಲ್ಲಿಯೂ ಹೊರಗೇ ಉಳಿಯುತ್ತದೆ.

ಕನ್ನಡದಲ್ಲಿ ಏನಿದೆ? ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಹೊರಬಂದು, ಗಂಡನ್ನು ಒಲಿಯುವ ಗಂಡಿನ ಅಂತರಂಗವನ್ನು ಕನ್ನಡದ ಮನೆಮಾತಿನಲ್ಲಿ ಇಟ್ಟಿತು. ಪ್ರಿಯನು ಮದುವೆಯ ನೆಪದಲ್ಲಿ ದೂರವಾಗುವ ನೋವನ್ನು ಆ ಕಥೆಗಳು ಅಬ್ಬರವಿಲ್ಲದೆ ಹೇಳುತ್ತವೆ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿದೆ. ಮಂಜಮ್ಮ ಜೋಗತಿಯವರ ಜೀವನವೃತ್ತಾಂತವು 'ನಡುವೆ ಸುಳಿವ ಹೆಣ್ಣು' ಎಂಬ ಹೆಸರಿನಿಂದ ಅಚ್ಚಾಗಿದೆ. ಈ ಎರಡೂ ಗಂಡೆಂದು ಬರೆಯಲ್ಪಟ್ಟು ಹೆಣ್ಣಾಗಿ ಬಾಳಿದವರ ಕಥೆಗಳು. ರೇವತಿಯವರು 2016ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತಮ್ಮ ಇನ್ನೊಂದು ಪುಸ್ತಕದಲ್ಲಿ, ಗಂಡಾಗಿ ಬಾಳುವ ಹಲವರ ಮಾತಿಗೂ ಸ್ಥಳವನ್ನು ಬಿಟ್ಟುಕೊಟ್ಟರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಮೋಹನಸ್ವಾಮಿಯಿಂದ ಒಂದು ಅರ್ಧವನ್ನೂ ರೇವತಿಯವರಿಂದ ಇನ್ನೊಂದು ಅರ್ಧವನ್ನೂ ತಂದು ಹೊಲಿದುಕೊಳ್ಳುವ ಶ್ರಮವು ನಮ್ಮ ತರುಣನ ಪಾಲಿನದು. ಈ ಪುಸ್ತಕಗಳನ್ನು ಅವನಿಗೆ ಕೊಡಬಾರದೆಂದಲ್ಲ, ಖಂಡಿತವಾಗಿ ಕೊಡಬೇಕು. ತಾಯಿನುಡಿಯಲ್ಲಿ ಸಿಕ್ಕ ಅರ್ಧವು ಪರಭಾಷೆಯಲ್ಲಿ ಸಿಕ್ಕ ಪೂರ್ತಿಗಿಂತ ಕೆಲವೊಮ್ಮೆ ಹತ್ತಿರವಾಗುತ್ತದೆ. ಆದರೆ ಪೂರ್ತಿಯೂ ಒಂದು ಕಡೆ ಇದೆಯೆಂದು ಅವನಿಗೆ ತಿಳಿಸುವುದೂ ನಮ್ಮ ಕರ್ತವ್ಯವೇ.

ಆ ಪೂರ್ತಿಯು ಇರುವುದು ಲೂ ಸಲಿವನ್ನನ ದಿನಚರಿಯಲ್ಲಿ. 1951ರಲ್ಲಿ ಅಮೆರಿಕದ ಮಿಲ್ವಾಕಿ ಪ್ರದೇಶದ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಹುಟ್ಟಿದ ಈತನು ಹತ್ತು ವರ್ಷದ ಬಾಲ್ಯದಲ್ಲಿ ದಿನಚರಿಯನ್ನು ಬರೆಯತೊಡಗಿ, 1991ರ ಮಾರ್ಚ್ 2ರಂದು ಸಾಯುವ ಕಾಲದವರೆಗೂ ಬಿಡಲಿಲ್ಲ. ಅದರಿಂದ ಆಯ್ದ ಭಾಗಗಳನ್ನು ಎಲ್ಲಿಸ್ ಮಾರ್ಟಿನ್ ಮತ್ತು ಜ್ಯಾಕ್ ಓಜ್ಮಾ ಎಂಬವರು ಸಂಪಾದಿಸಿ 2019ರಲ್ಲಿ 'ವಿ ಬೋತ್ ಲಾಫ್ಡ್ ಇನ್ ಪ್ಲೆಷರ್' ಎಂಬ ಹೆಸರಿನಿಂದ ಪ್ರಕಟಿಸಿದರು. ನಾವಿಬ್ಬರೂ ಸುಖದಿಂದ ನಕ್ಕೆವು ಎಂದು ಅದರ ಅರ್ಥ. ಇಂಥ ಬದುಕುಗಳನ್ನು ಕುರಿತ ಪುಸ್ತಕಗಳ ಹೆಸರುಗಳಲ್ಲಿ ಕಣ್ಣೀರೇ ಹೆಚ್ಚಾಗಿರುವಾಗ, ನಗೆಯನ್ನು ಹೆಸರಿನಲ್ಲಿಯೇ ಹೊತ್ತು ಬಂದ ಗ್ರಂಥವಿದು.

ಸಲಿವನ್ನನ ಕಾಲದ ವೈದ್ಯಶಾಸ್ತ್ರದ ಸ್ಥಿತಿಯನ್ನು ತಿಳಿಯದೆ ಈ ದಿನಚರಿಯ ಬೆಲೆ ತಿಳಿಯದು. 1966ರಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯನು ಈ ವಿಷಯವನ್ನು ಕುರಿತು ಬರೆದ ಗ್ರಂಥವು ಚಿಕಿತ್ಸಾಲಯಗಳಿಗೆ ಆಧಾರವಾಯಿತು. ವೈದ್ಯರು ಅದನ್ನು ಓದಿ, ಅದರಲ್ಲಿದ್ದಂಥ ಕಥೆಯನ್ನು ಹೇಳುವವರನ್ನು ಸ್ವೀಕರಿಸಿದರು. ಚಿಕಿತ್ಸೆಯನ್ನು ಬಯಸಿದವರೂ ಅದನ್ನೇ ಓದಿ, ಅದರಲ್ಲಿದ್ದಂಥ ಕಥೆಯನ್ನೇ ಹೇಳಿದರು. ಹೀಗೆ ಪುಸ್ತಕವು ಮನುಷ್ಯರನ್ನು ಎರಕಹೊಯ್ಯುವ ಅಚ್ಚಾಯಿತು. ಆ ಅಚ್ಚಿನ ಪ್ರಕಾರ, ಗಂಡಾಗಬಯಸುವವನು ಹೆಣ್ಣನ್ನೇ ಒಲಿಯಬೇಕು. ತಾನು ಗಂಡು, ತನ್ನ ಒಲವು ಗಂಡಿನ ಮೇಲೆ ಎಂದು ಸುಳ್ಳಿಲ್ಲದೆ ಹೇಳಿದ ಸಲಿವನ್ನನಿಗೆ ಚಿಕಿತ್ಸಾಲಯದ ಬಾಗಿಲು ಮತ್ತೆ ಮತ್ತೆ ಮುಚ್ಚಿತು. 1980ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಸಿದ್ಧ ಚಿಕಿತ್ಸಾಲಯವೂ ಅವನನ್ನು ನಿರಾಕರಿಸಿತು. ಒಂದು ಸುಳ್ಳು ಹೇಳಿದ್ದರೆ ಕೆಲಸವಾಗುತ್ತಿತ್ತು, ಅವನು ಹೇಳಲಿಲ್ಲ. ಬೇರೆ ವೈದ್ಯರ ನೆರವಿನಿಂದ ತನ್ನ ದಾರಿಯನ್ನು ಕಂಡುಕೊಂಡನು. ಗಂಡನ್ನು ಒಲಿಯುವ ಟ್ರಾನ್ಸ್ ಪುರುಷರೂ ಉಂಟೆಂಬುದನ್ನು ವೈದ್ಯಲೋಕವು ಒಪ್ಪುವಂತೆ ಬಾಳಿನುದ್ದಕ್ಕೂ ಪತ್ರಗಳನ್ನು ಬರೆದನು, ವಾದಿಸಿದನು.

ಆದರೆ ದಿನಚರಿಯು ವಾದಗ್ರಂಥವಲ್ಲ. ಬೀಟಲ್ಸ್ ಗಾಯಕರನ್ನು ಮೆಚ್ಚುವ ಮಗುವಿನ ಹುಚ್ಚು ಅದರಲ್ಲಿದೆ, ಉಡುಪಿನ ಚಿಂತೆಯಿದೆ, ಮುನಿಸು, ಜಂಬ, ಬೇಸರಗಳಿವೆ. 1975ರಲ್ಲಿ ಅವನು ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೊರಟಾಗ ಮನೆಯವರು ಗಂಡಸರ ಒಂದು ಸೂಟನ್ನೂ ಅಜ್ಜನ ಜೇಬುಗಡಿಯಾರವನ್ನೂ ಉಡುಗೊರೆಯಾಗಿ ಕೊಟ್ಟು ಕಳುಹಿಸಿದರೆಂಬುದು ಅವನ ಜೀವನದ ಪ್ರಸಿದ್ಧವಾದ ಸಂಗತಿ. ಅಜ್ಜನ ಗಡಿಯಾರವು ಮೊಮ್ಮಗನಿಗೆ ಸಲ್ಲುವ ವಸ್ತು. ಯಾವ ಉಪದೇಶವೂ ಇಲ್ಲದೆ ಒಂದು ಕುಟುಂಬವು 'ನೀನು ನಮ್ಮವನೇ' ಎಂದು ಹೇಳಿದ ರೀತಿ ಇದು. ಮನೆಯಿಂದ ಹೊರದೂಡಲ್ಪಡುವ ಕಥೆಗಳನ್ನೇ ಕೇಳಿ ಬೆಳೆದ ತರುಣನಿಗೆ, ಹೀಗೂ ನಡೆದದ್ದುಂಟು ಎಂದು ತಿಳಿಯುವುದು ಸಣ್ಣ ಲಾಭವಲ್ಲ.

1986ರ ಕೊನೆಗೆ ಏಡ್ಸ್ ರೋಗವು ತನಗೆ ತಗುಲಿದೆಯೆಂದು ಅವನಿಗೆ ತಿಳಿಯಿತು. ಉಳಿದುದು ನಾಲ್ಕು ವರ್ಷ ಚಿಲ್ಲರೆ. ಅದೇ ವರ್ಷ ಅವನು ತನ್ನಂಥವರ ಸಂಘವೊಂದನ್ನು ಕಟ್ಟಿದ್ದನು. ಅದಕ್ಕಾಗಿ ಕೆಲವೇ ಹಾಳೆಗಳ ಒಂದು ಸಮಾಚಾರಪತ್ರಿಕೆಯನ್ನೂ ತಾನೇ ಸಂಪಾದಿಸಿದನು. ಕೈಯಚ್ಚಿನ ಪತ್ರಿಕೆಯೊಂದರ ಓದುಗರಾದ ನಮಗೆ, ಅಂಥ ಕೆಲವು ಹಾಳೆಗಳು ದೂರದ ಊರಿನ ಒಂಟಿ ಓದುಗನಿಗೆ ಏನಾಗಬಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನಗಿಂತ ಹಿಂದೆ ಇಂಥವರಾರು ಇದ್ದರೆಂದು ಹುಡುಕಿ, ಜ್ಯಾಕ್ ಬೀ ಗಾರ್ಲಂಡ್ ಎಂಬವನ ಚರಿತ್ರೆಯನ್ನು ಬರೆದು 1990ರಲ್ಲಿ ಪ್ರಕಟಿಸಿದನು. ಈ ಗಾರ್ಲಂಡನು 1869ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೆಕ್ಸಿಕೋ ರಾಜ್ಯದ ಪ್ರತಿನಿಧಿಯೊಬ್ಬನ ಮಗಳಾಗಿ ಹುಟ್ಟಿ, ಗಂಡುಡುಗೆಯನ್ನು ತೊಟ್ಟು, ಪತ್ರಿಕೆಗೆ ಬರೆದು, ಸೈನಿಕರ ಜೊತೆ ಫಿಲಿಪೈನ್ಸಿಗೆ ಹೋಗಿಬಂದು, ಬಡಬಗ್ಗರಿಗೆ ನೆರವಾಗುತ್ತ 1936ರವರೆಗೆ ಬಾಳಿದವನು. ಸಾಯುತ್ತಿರುವ ಮನುಷ್ಯನೊಬ್ಬನು ತನ್ನ ಕಡೆಯ ಬಲವನ್ನು ಇನ್ನೊಬ್ಬನ ಚರಿತ್ರೆಗಾಗಿ ಏಕೆ ವೆಚ್ಚಮಾಡಿದನು? ಓದಬೇಕಾದ ಪುಸ್ತಕ ತನಗೆ ಸಿಗಲಿಲ್ಲ. ಮುಂದೆ ಬರುವವನಿಗಾದರೂ ಸಿಗಲಿ ಎಂದೇ ಅಲ್ಲವೆ? ಪುಸ್ತಕವನ್ನು ಶಿಫಾರಸು ಮಾಡುವ ಕಾರ್ಯದ ಅತ್ಯುನ್ನತ ರೂಪವಿದು: ಇಲ್ಲದ ಪುಸ್ತಕವನ್ನು ಬರೆದು ಕೊಡುವುದು.

ಇನ್ನು ದೋಷಗಳು. ದಿನಚರಿಗೆ ಸಹಜವಾದ ಪುನರುಕ್ತಿಯು ಇಲ್ಲಿ ಬೇಕಾದಷ್ಟಿದೆ. ಮೂವತ್ತು ವರ್ಷಗಳನ್ನು ಒಂದು ಸಂಪುಟಕ್ಕೆ ಇಳಿಸಿದುದರಿಂದ ನಡುನಡುವೆ ನೆಗೆತಗಳು ಉಂಟಾಗಿವೆ. ಒಬ್ಬ ಸ್ನೇಹಿತನು ಪರಿಚಯವಾಗುವ ಮುನ್ನವೇ ಮರೆಯಾಗುತ್ತಾನೆ. ಬರೆಯುವವನ ಕಣ್ಣು ತನ್ನ ಮೇಲೆಯೇ ಇರುವುದರಿಂದ ಸುತ್ತಲಿನ ಜನ ಕೆಲವೆಡೆ ನೆರಳಾಗಿ ಉಳಿಯುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾಗಿ, ದೇಹಸುಖವನ್ನು ಕುರಿತು ಸಲಿವನ್ನನು ಯಾವ ಮರೆಯೂ ಇಲ್ಲದೆ ಬರೆಯುತ್ತಾನೆ. ಆದುದರಿಂದ ಇದು ಪ್ರೌಢಶಾಲೆಯ ಕಪಾಟಿನ ಪುಸ್ತಕವಲ್ಲ. ಪ್ರಾಯಕ್ಕೆ ಬಂದವನ ಪುಸ್ತಕ. ಆದರೆ ಆ ನಿರ್ಭಿಡೆಯನ್ನು ದೋಷವೆಂದು ನಾವು ಎಣಿಸುವುದಿಲ್ಲ. ತನ್ನ ದೇಹವನ್ನು ರೋಗವೆಂದೋ ಒಗಟೆಂದೋ ಇತರರು ಹೇಳುವುದನ್ನೇ ಕೇಳಿದವನಿಗೆ, ಅಂಥದೇ ದೇಹವೊಂದು ಸಂತೋಷದ ನೆಲೆಯಾಯಿತೆಂಬ ಸಾಕ್ಷ್ಯವು ಅವಶ್ಯಕ. ಆ ಸಾಕ್ಷ್ಯವನ್ನು ಮುಸುಕಿನಲ್ಲಿ ಹೇಳಲು ಬರುವುದಿಲ್ಲ.

ಪರದೇಶದ ಈ ದಿನಚರಿಯು ನಮ್ಮವರಿಗೆ ಹೊಂದುವುದೆ ಎಂಬ ಆಕ್ಷೇಪವೂ ಬರಬಹುದು. ಆ ನಗರ ಬೇರೆ, ಆ ಸ್ವಾತಂತ್ರ್ಯ ಬೇರೆ, ಮನೆ ಬಿಟ್ಟು ಹೋಗಬಲ್ಲ ಅನುಕೂಲ ಬೇರೆ; ಇದು ನಿಜ. ನಮ್ಮ ತರುಣನು ಅವನಂತೆ ಬಾಳಲೆಂದು ಯಾರೂ ಈ ಪುಸ್ತಕವನ್ನು ಕೊಡಬಾರದು. ಮಾದರಿಯಾಗಿ ಕೊಟ್ಟರೆ ಇದೂ ಇನ್ನೊಂದು ಅಚ್ಚಾದೀತು. ಬೆಂಜಮಿನ್ನನ ಗ್ರಂಥಕ್ಕೆ ಒದಗಿದ ಗತಿಯೇ ಇದಕ್ಕೂ ಒದಗೀತು. ಇಂಥವನೊಬ್ಬನು ಇದ್ದನು, ಸುಳ್ಳು ಹೇಳದೆ ಬಾಳಿದನು, ನಕ್ಕನು ಎಂಬ ಸುದ್ದಿಯಾಗಿ ಮಾತ್ರ ಕೊಡಬೇಕು. ಸುದ್ದಿಯನ್ನು ಕೇಳಿದವನು ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತಾನೆ.

ಕಡೆಯದಾಗಿ, ಕೊಡುವ ಕ್ರಮವನ್ನು ಕುರಿತು ಒಂದು ಮಾತು. ಪುಸ್ತಕವನ್ನು ಕೊಡುವವನು ಮೊದಲು ತಾನು ಓದಿರಬೇಕು. ಓದದೆ ಕೊಟ್ಟ ಪುಸ್ತಕವು ದಾನವಲ್ಲ, ತಪ್ಪಿಸಿಕೊಳ್ಳುವ ಉಪಾಯ. ಕೇಳದವನಿಗೆ, 'ನೀನು ಇಂಥವನಿರಬೇಕು' ಎಂದು ಊಹಿಸಿ, ಇಂಥ ಪುಸ್ತಕವನ್ನು ಮುಂದೆ ಹಿಡಿಯಬಾರದು. ಅದು ಅವನ ಗುಟ್ಟಿನ ಬಾಗಿಲನ್ನು ಹೊರಗಿನಿಂದ ತೆರೆದಂತೆ. ಕೇಳಿದವನಿಗೆ, ಇನ್ನೊಬ್ಬರ ಕಿವಿಗೆ ಬೀಳದಂತೆ, ಬೇಡವೆನ್ನುವ ಅವಕಾಶವನ್ನು ಉಳಿಸಿ ಕೊಡಬೇಕು. ಶಾಲೆಯ ಮಕ್ಕಳ ವಿಷಯದಲ್ಲಿ ಉಪಾಧ್ಯಾಯರು ಮಾಡಬಹುದಾದುದು ಇಷ್ಟು: ಶಿಖಂಡಿಯ ಕಥೆಯನ್ನು ಪೂರ್ತಿಯಾಗಿ ಹೇಳುವುದು; ಯಕ್ಷನ ಔದಾರ್ಯವನ್ನು ಬಿಡದೆ ಹೇಳುವುದು; ಆ ಹೆಸರನ್ನು ಬೈಗುಳವಾಗಿ ಬಳಸಿದ ಹುಡುಗನನ್ನು ಅಲ್ಲಿಯೇ ತಡೆಯುವುದು. ಅದನ್ನು ಕೇಳಿ ಸುಮ್ಮನೆ ಕುಳಿತಿರುವ ಮಗುವೊಂದು, ಮುಂದೆ ಪ್ರಾಯಕ್ಕೆ ಬಂದಾಗ, ಯಾರ ಬಳಿಗೆ ಹೋಗಿ ಪುಸ್ತಕವನ್ನು ಕೇಳಬಹುದೆಂಬುದನ್ನು ಆ ಗಳಿಗೆಯಲ್ಲಿಯೇ ಗೊತ್ತುಮಾಡಿಕೊಂಡಿರುತ್ತದೆ.